ಕೋಳಿಗೂಡಿನ ಮೂರು ಬರ್ತು

ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಬೋಗಿಗಳಿಗೆ ಬರ್ತು ಕೂರಿಸಿದವನು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ರಿಟೈರ್ ಆಗಿ ಮದರಾಸಿನ ಕೋಡಂಬಾಕ್ಕಂನ ಬಾಡಿಗೆ ಮನೆಗೆ ಬಂದಾಗ ನನ್ನ ಹೆಂಡತಿ ಮೊದಲು ನೋಡಿದ್ದು ಅಡುಗೆಮನೆಯನ್ನಲ್ಲ, ಹಿತ್ತಲನ್ನು. ಮಂಡ್ಯದ ಕಡೆಯ ತವರಿನಲ್ಲಿ ಕೋಳಿಗಳ ಜೊತೆ ಬೆಳೆದವಳು. ಮದುವೆಯಾದಾಗಿನಿಂದ ಮೂರನೇ ಮಹಡಿಯ ಕ್ವಾರ್ಟರ್ಸಿನಲ್ಲಿದ್ದು ಒಂದು ಕೋಳಿ ಸಾಕುವ ಯೋಗವೂ ಅವಳಿಗೆ ಬಂದಿರಲಿಲ್ಲ. ತಿಂಗಳೊಳಗೆ ಐದು ಹೇಟೆಗಳು ಬಂದವು. ಸಂಜೆ ಹಿತ್ತಲ ಬಾಗಿಲಲ್ಲಿ ನಾನು ಕುರ್ಚಿ ಹಾಕಿಕೊಂಡು ಕೂತರೆ, ಅವಳು ಕೆಳಗೆ ಮೆಟ್ಟಿಲ ಮೇಲೆ ಕೂತು ನುಚ್ಚು ಎರಚುತ್ತಿದ್ದಳು. ಅವಳ ಮುಖದಲ್ಲಿ ಅಂಥ ಖುಷಿಯನ್ನು ನಾನು ಕಂಡಿರಲೇ ಇಲ್ಲ.

ಗೂಡನ್ನು ನಾನೇ ಕಟ್ಟಿದ್ದೆ. ಗಟ್ಟಿಮುಟ್ಟಾಗಿತ್ತು, ಆದರೆ ಒಳಗೆ ಬರೀ ನೆಲ. ಕೋಳಿಗೆ ಮಲಗಲು ಎತ್ತರದಲ್ಲಿ ಕಾಲೂರುವ ಜಾಗ ಬೇಕು. ಹೊತ್ತು ಮುಳುಗುತ್ತಲೇ ಐದೂ ಹಿತ್ತಲಲ್ಲಿ ನಿಲ್ಲಿಸಿರುತ್ತಿದ್ದ ಮೇಲಿನ ಮನೆಯವರ ಸ್ಕೂಟರ್ ಏರುತ್ತಿದ್ದವು. ಹಿಡಿದು ಗೂಡಿಗೆ ತಳ್ಳಿ ಬಾಗಿಲು ಹಾಕಿದರೆ ರಂಪಾಟ, ಯಾರಿಗೂ ನಿದ್ದೆಯಿಲ್ಲ. ಮೇಲಿನ ಮನೆಯವರು ಬ್ಯಾಂಕಿನ ಅಧಿಕಾರಿ, ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಕನ್ನಡದ ವೈಷ್ಣವರು. ಎರಡು ವಾರ ಸುಮ್ಮನೆ ಸೀಟು ಒರೆಸಿಕೊಂಡರು. ಮೂರನೇ ವಾರ ಕೆಳಗಿಳಿದು ಬಂದು, ಸ್ಕೂಟರಿನ ಮೇಲಿನ ಗಲೀಜು ತೋರಿಸಿ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು.

"ನನ್ನ ವಂಡಿ ಮೇಲೆ ದಿನಾ ಅಸಿಂಗ ಮಾಡತ್ತೆ ಸಾರ್. ಭಾನುವಾರದೊಳಗೆ ಗೂಡಲ್ಲಿ ಮಲಗೋ ಹಾಗೆ ಮಾಡಿ. ಇಲ್ದಿದ್ರೆ ಓನರ್‌ಗೆ ಹೇಳ್ಬೇಕಾಗತ್ತೆ, ಕೋಪಿಸ್ಕೋಬೇಡಿ."

ಓನರ್ ಕಿವಿಗೆ ಬಿದ್ದರೆ ಕೋಳಿಗಳು ಉಳಿಯುತ್ತಿರಲಿಲ್ಲ. ಹೆಂಡತಿ ಅವತ್ತು ಸರಿಯಾಗಿ ಊಟ ಮಾಡಲಿಲ್ಲ.

"ಒಳಗೆ ಅಡ್ಡಕ್ಕೆ ಗಳ ಕಟ್ರಿ ಸಾಕು, ಸಾಲಾಗಿ ಕೂತ್ಕೊತವೆ" ಅಂದಳು.

"ಮೂವತ್ತು ವರ್ಷ ಜನಗಳನ್ನೇ ಮಲಗಿಸಿದೀನಿ, ಕೋಳಿ ಯಾವ ಲೆಕ್ಕ?" ಅಂದೆ.

ಮೂರು ದಿನ ಕೂತು ಪ್ಲೈವುಡ್ಡಿನಲ್ಲಿ ಲೋವರ್, ಮಿಡಲ್, ಅಪ್ಪರ್ ಅಂತ ಮೂರು ಬರ್ತು ಕೂರಿಸಿದೆ. ಉಜ್ಜಿ ಉಜ್ಜಿ ನುಣುಪು ಮಾಡಿದೆ. ಹತ್ತಲು ಪುಟ್ಟ ಏಣಿಯನ್ನೂ ಇಟ್ಟೆ. ನನ್ನ ಕೆಲಸಕ್ಕೆ ನಾನೇ ಮಾರುಹೋದೆ.

ಶನಿವಾರ ಸಂಜೆ ಒಳಗೆ ಬಿಟ್ಟು ನೋಡಿದರೆ, ಐದಕ್ಕೂ ಅಪ್ಪರ್ ಬರ್ತೇ ಬೇಕು! ರಿಸರ್ವೇಶನ್ ಇಲ್ಲದ ಬೋಗಿಯ ನೂಕುನುಗ್ಗಲು. ಗೆದ್ದ ಮೂರು ಮೇಲಿಂದಲೇ ನನ್ನ ಏಣಿಯ ಮೇಲೆ ಹಿಕ್ಕೆ ಹಾಕಿದವು. ಸೋತ ಎರಡು ನುಣುಪು ಹಲಗೆಯಿಂದ ಜಾರಿ ಬಿದ್ದು, ಸೀದಾ ಹೋಗಿ ಸ್ಕೂಟರ್ ಹತ್ತಿದವು. ಹೆಂಡತಿ ನಗಲಿಲ್ಲ. ಎರಡನ್ನೂ ಎತ್ತಿ ಎದೆಗವುಚಿಕೊಂಡು, "ನಾಳೆ ಭಾನುವಾರ ಕಣ್ರೀ" ಅಂದಳಷ್ಟೆ. ನನಗೆ ನಾಚಿಕೆಯಾಯಿತು.

ಬೆಳಗಾಗುತ್ತಲೇ ಬರ್ತುಗಳನ್ನು ಕಿತ್ತೆಸೆದೆ. ಬೀದಿಯ ಮೂಲೆಯಲ್ಲಿ ಮನೆ ಕಟ್ಟುತ್ತಿದ್ದವರ ಹತ್ತಿರ ಸರ್ವೆ ಮರದ ಎರಡು ಗಳ ಕೇಳಿ ತಂದೆ.

"ಎಷ್ಟು ಎತ್ತರಕ್ಕೆ?" ಅಂತ ಅವಳನ್ನೇ ಕೇಳಿದೆ.

"ಮೊಣಕಾಲಿಗಿಂತ ಮೇಲೆ, ಸೊಂಟಕ್ಕಿಂತ ಕೆಳಗೆ. ಎರಡೂ ಒಂದೇ ಮಟ್ಟಕ್ಕಿರ್ಲಿ. ಸಿಪ್ಪೆ ಕೆರೀಬೇಡಿ, ಉಗುರಿಗೆ ಹಿಡಿತ ಬೇಕು."

ಅವಳು ಹೇಳಿದಳು, ನಾನು ಕಟ್ಟಿದೆ. ನಮ್ಮ ಸಂಸಾರದಲ್ಲಿ ಅದು ಹೊಸ ಪದ್ಧತಿ.

ಸಂಜೆ ಮೇಲಿನ ಮನೆಯವರೂ ಬಂದು ಸ್ಕೂಟರಿನ ಪಕ್ಕ ನಿಂತರು. ಹೆಂಡತಿ ಗೂಡಿನ ಕಡೆಗೇ ನೋಡುತ್ತ ಮೆಟ್ಟಿಲ ಮೇಲೆ ಕೂತಿದ್ದಳು. ಕೋಳಿಗಳು ಒಂದೊಂದಾಗಿ ಒಳಗೆ ಹೋದವು, ಹಾರಿ ಗಳ ಹಿಡಿದವು. ಒಂದಿಷ್ಟು ಕಿತ್ತಾಡಿ, ಸರಿದು ಜಾಗ ಮಾಡಿಕೊಂಡು ಐದೂ ಸಾಲಾಗಿ ಕೂತವು. ಅವರು ನಕ್ಕು, ಸೀಟು ತಟ್ಟಿ ಮೇಲೆ ಹೋದರು.

ನಾನು ಕುರ್ಚಿ ಬಿಟ್ಟು ಬಂದು ಅವಳ ಮೆಟ್ಟಿಲ ಮೇಲೇ ಕೂತೆ.

"ಯಾಕ್ರೀ, ಕುರ್ಚಿ ಮುರೀತಾ?" ಅಂದಳು.

ಇಲ್ಲ ಅಂದೆ. ಅವಳು ಒಂಚೂರು ಸರಿದು ಜಾಗ ಕೊಟ್ಟಳು.