ಹೊಸಬರಾಗಲು ಒಂದು ವಾರ

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಕಾರು ನಿಂತಿತು. ಸಮಯ ಇಷ್ಟು ಸ್ಪಷ್ಟವಾಗಿ ನೆನಪಿರಲು ಕಾರಣ ಅಕ್ಕ. ಹನ್ನೆರಡರೊಳಗೆ ನನ್ನ ಹೊಸ ಮನೆಯಲ್ಲಿ ಹಾಲು ಉಕ್ಕಬೇಕೆಂದು ಹೊರಟಾಗಿನಿಂದ ಗಂಟೆ ಎಷ್ಟಾಯಿತೆಂದು ಕೇಳುತ್ತಲೇ ಇದ್ದಳು. ನಾನು ಫೋನ್ ನೋಡಿ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಇಂಜಿನ್ ಎರಡು ಸಲ ಜಗ್ಗಿ ಸುಮ್ಮನಾಯಿತು.

ಅದು ರಿಂಗ್ ರೋಡಿನಲ್ಲಿ, ಜೆ.ಪಿ. ನಗರದ ಹತ್ತಿರದ ಮೇಲ್ಸೇತುವೆ. ಏರು ಮುಗಿದಿತ್ತು, ಇಳಿಜಾರು ಇನ್ನೂ ಶುರುವಾಗಿರಲಿಲ್ಲ. ಹಿಂದಿನಿಂದ ಬರುವವರಿಗೆ ಏರಿನ ತುದಿ ಮುಟ್ಟುವವರೆಗೆ ನಾವು ಕಾಣುತ್ತಲೇ ಇರಲಿಲ್ಲ. ಭಾವ ಗಟ್ಟಿಯಾಗಿಬಿಟ್ಟಿದ್ದ ಸ್ಟೀರಿಂಗನ್ನು ಎರಡೂ ಕೈಯಿಂದ ತಿರುಗಿಸಿ ಕಾರನ್ನು ಎಡಗಡೆಯ ತಡೆಗೋಡೆಗೆ ಒತ್ತಿ ನಿಲ್ಲಿಸಿದರು. ಎಷ್ಟು ಒತ್ತಿ ಎಂದರೆ ಎಡಗಡೆಯ ಎರಡು ಬಾಗಿಲುಗಳನ್ನೂ ತೆರೆಯುವಂತಿರಲಿಲ್ಲ. ಮುಂದೆ ಭಾವನ ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಅಕ್ಕ. ಅವಳ ಒಂದು ಪಕ್ಕ ನನ್ನ ಬಟ್ಟೆಯ ಚೀಲಗಳು, ತೊಡೆಯ ಮೇಲೆ ಹಾಲು ತುಂಬಿದ ಹಿತ್ತಾಳೆ ಪಾತ್ರೆ.

ಕೆಡಲು ಶುರುವಾದದ್ದು ಆ ಗಳಿಗೆಯಲ್ಲಿ ಎಂದು ಪೊಲೀಸರಿಗೆ ಹೇಳಿದೆ, ಆಫೀಸಿನಲ್ಲೂ ಹೇಳಿದೆ. ನನ್ನ ಮಟ್ಟಿಗೆ ಅದು ನಿಜವಲ್ಲ. ಅದರ ಹಿಂದಿನ ಭಾನುವಾರ, ಯಡಿಯೂರಿನ ಅಕ್ಕನ ಮನೆಯ ಊಟದ ಮೇಜಿನ ಹತ್ತಿರವೇ ಅದು ಶುರುವಾಗಿತ್ತು.

ಭಾವ ಹೈಸ್ಕೂಲಿನಲ್ಲಿ ವ್ಯಾಯಾಮ ಶಿಕ್ಷಕರು. ನಿವೃತ್ತಿಗೆ ಇನ್ನು ಒಂದೂವರೆ ವರ್ಷವಿತ್ತು. ಬೆಳಿಗ್ಗೆ ಯಡಿಯೂರು ಕೆರೆಯನ್ನು ಮೂರು ಸುತ್ತು ಹಾಕದೆ ಕಾಫಿ ಮುಟ್ಟುವವರಲ್ಲ. ರಸ್ತೆಯಲ್ಲಿ ಗಾಡಿ ಕೆಟ್ಟರೆ ಬಂದು ಸರಿಮಾಡುವ, ಆಗದಿದ್ದರೆ ಎಳೆದುಕೊಂಡು ಹೋಗುವ ಒಂದು ಕಂಪನಿಗೆ ಅವರು ಹನ್ನೊಂದು ವರ್ಷದಿಂದ ಚಂದಾ ಕಟ್ಟುತ್ತಿದ್ದರು. ಕರೆದದ್ದು ಎರಡೇ ಸಲ. ಒಂದು ಸಲ ಕುಣಿಗಲ್ ರಸ್ತೆಯಲ್ಲಿ ಕಾರು ಕೆಟ್ಟಾಗ, ಫೋನ್ ಎತ್ತಿದ ಹುಡುಗಿ ಗಾಡಿಗೆ ಏನಾಗಿದೆ ಎಂದು ಕೇಳಲಿಲ್ಲವಂತೆ. ಮೊದಲು ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಂತಿದ್ದೀರಾ ಎಂದು ಕೇಳಿದಳಂತೆ. ಆ ಒಂದು ಮಾತನ್ನು ಭಾವ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದರು.

ಆ ಭಾನುವಾರ ಅವರ ಫೋನಿಗೆ ನವೀಕರಣದ ಸಂದೇಶ ಬಂದಿತ್ತು, ಹೋದ ವರ್ಷಕ್ಕಿಂತ ಹೆಚ್ಚಿನ ದರ. ಬಿ.ಕಾಂ. ಓದಿ ಲೆಕ್ಕಪತ್ರದ ಕೆಲಸ ಮಾಡುವ ನನಗೆ ಇಂಥದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ. ಅದೇ ಕಂಪನಿಯ ವೆಬ್‌ಸೈಟಿಗೆ ಹೋಗಿ ಹೊಸ ಗ್ರಾಹಕನ ಹಾಗೆ ಅಕ್ಕನ ನಂಬರ್ ಕೊಟ್ಟೆ. ಅದೇ ಕಾರು, ಅದೇ ಸೌಲಭ್ಯ. ದರ ಮಾತ್ರ ಭಾವನಿಗೆ ಕೇಳಿದ್ದರ ಅರ್ಧಕ್ಕಿಂತ ಚೂರು ಜಾಸ್ತಿ.

"ಇದೇನಯ್ಯಾ ಇದು," ಎಂದರು ಭಾವ, ನನ್ನ ಫೋನನ್ನು ದೂರ ಹಿಡಿದು ಓದುತ್ತಾ. "ನಮ್ಮ ಹೂವಿನಾಕೆ ದಿನಾ ತಗೊಳ್ಳೋ ವರ್ತನೆಯವರು ಅಂತ ಮೊಳದ ಮೇಲೆ ಒಂದು ಗೇಣು ಬಿಟ್ಟು ಕತ್ತರಿಸ್ತಾಳೆ. ಇವರು ನಮ್ಮ ಮೊಳಾನೇ ಕಡಿಮೆ ಮಾಡ್ತಾರಲ್ಲ."

"ನೀವು ಎಲ್ಲೂ ಹೋಗಲ್ಲ ಅಂತ ಅವರಿಗೆ ಗೊತ್ತು ಭಾವ. ಅದಕ್ಕೇ."

"ಎಲ್ಲಿಗೆ ಹೋಗ್ಲಿ. ನಿಮ್ಮಕ್ಕನ್ನ ಕಟ್ಕೊಂಡು ಇಪ್ಪತ್ತಾರು ವರ್ಷ ಆಯ್ತು, ಅವಳೂ ವರ್ಷಾ ವರ್ಷಾ ರೇಟ್ ಜಾಸ್ತಿ ಮಾಡ್ತಾನೇ ಇದ್ದಾಳೆ."

"ಬಿಟ್ಟು ಹೋಗಿ ನೋಡಿ, ಹೊಸಬರು ಎಷ್ಟು ಕೇಳ್ತಾರೆ ಅಂತ," ಎಂದು ಅಡುಗೆಮನೆಯಿಂದ ಅಕ್ಕನ ದನಿ ಬಂತು.

ಹಳೆಯದನ್ನು ಬಿಟ್ಟುಬಿಡಿ, ಅಕ್ಕನ ಹೆಸರಿನಲ್ಲಿ ಹೊಸದು ಮಾಡಿಸೋಣ ಎಂದೆ. ಭಾವನಿಗೆ ಮನಸ್ಸಿರಲಿಲ್ಲ. ಹನ್ನೊಂದು ವರ್ಷ ಇದ್ದವರು ಹೇಳದೆ ಕೇಳದೆ ಹೋಗುವುದೇ ಎಂದು ಒಂದೆರಡು ಸಲ ಅಂದರು. ನಾನು ನಕ್ಕೆ. ನೀವು ಹೋದದ್ದು ಅಲ್ಲಿ ಯಾರಿಗೂ ಗೊತ್ತೂ ಆಗುವುದಿಲ್ಲ ಎಂದೆ. ಆ ನಗುವಿನಲ್ಲಿ ಓದಿದವನ ಗರ್ವವಿತ್ತು, ಈಗ ಕೇಳಿಸುತ್ತದೆ. ಕೊನೆಗೆ ಅವರು ಒಪ್ಪಿದರು. ಹಣ ಕಟ್ಟುವಾಗ ಕೆಳಗಿನ ಸಾಲನ್ನು ನಾನೇ ಗಟ್ಟಿಯಾಗಿ ಓದಿದೆ. ಹೊಸ ಸದಸ್ಯರಿಗೆ ಸೇವೆ ಒಂದು ವಾರದ ನಂತರ ಶುರು. ಹಳೆಯದು ಮಂಗಳವಾರಕ್ಕೆ ಮುಗಿಯುತ್ತಿತ್ತು.

"ಭಾನುವಾರದವರೆಗೂ ಗಾಡಿ ತೆಗೀಬೇಡಿ ಭಾವ, ಅಷ್ಟೇ," ಎಂದೆ.

ಶುಕ್ರವಾರ ಸಂಜೆ ಅದೇ ಗಾಡಿಯನ್ನು ಕೇಳಿದವನೂ ನಾನೇ. ಬಿಟಿಎಂ ಲೇಔಟಿನಲ್ಲಿ ಸ್ನೇಹಿತರ ಜೊತೆ ಹಿಡಿದಿದ್ದ ಮನೆ ಬಿಟ್ಟು, ಜರಗನಹಳ್ಳಿಯಲ್ಲಿ ಒಬ್ಬನಿಗೇ ಒಂದು ಸಣ್ಣ ಬಾಡಿಗೆ ಮನೆ ಮಾಡಿದ್ದೆ. ಸಾಮಾನು ಟೆಂಪೋದಲ್ಲಿ ಹೋಗಿತ್ತು. ಬಾಡಿಗೆ ಮನೆಯಾದರೇನು, ಹಾಲು ಉಕ್ಕಿಸದೆ ಒಲೆ ಹಚ್ಚಬಾರದು, ಪಾತ್ರೆ ನಾನೇ ತರುತ್ತೇನೆ ಎಂದಳು ಅಕ್ಕ. ನಮ್ಮ ತಾಯಿ ಇಲ್ಲದ್ದರಿಂದ ಇಂಥದ್ದನ್ನೆಲ್ಲ ಅವಳೇ ನೋಡಿಕೊಳ್ಳುತ್ತಾಳೆ. ಮೊದಲು ಬಿಟಿಎಂಗೆ ಬಂದು ನನ್ನನ್ನೂ ಚೀಲಗಳನ್ನೂ ಹತ್ತಿಸಿಕೊಳ್ಳಿ ಎಂದು ಭಾವನಿಗೆ ಹೇಳಿದೆ.

"ವಾರ ಆಗ್ಲಿಲ್ವಲ್ಲೋ," ಎಂದರು.

"ಬಿಟಿಎಂನಿಂದ ಜರಗನಹಳ್ಳಿಗೆ ತಾನೆ ಭಾವ. ಊರಾಚೆ ಏನು ಹೋಗ್ತಿದ್ದೀವಾ."

ಆಟೋದಲ್ಲಿ ಹೋಗಬಹುದಿತ್ತು. ಒಂದಲ್ಲದಿದ್ದರೆ ಎರಡು ಆಟೋ.

ಸೇತುವೆಯ ಮೇಲೆ ಭಾವ ತಮ್ಮ ಫೋನಿನಲ್ಲಿದ್ದ ಕಂಪನಿಯ ನಂಬರಿಗೇ ಫೋನ್ ಮಾಡಿದರು. ನಿಮ್ಮ ಸದಸ್ಯತ್ವ ಮುಗಿದಿದೆ, ನವೀಕರಿಸಲು ಒಂದನ್ನು ಒತ್ತಿ ಎಂದಿತು ಧ್ವನಿಮುದ್ರಣ. ಅವರು ಫೋನನ್ನು ನನ್ನ ಕೈಗಿಟ್ಟು, ಮಾತಾಡು ಎಂದು ಹೇಳಿ, ಬಲಗಡೆಯ ಬಾಗಿಲು ಚೂರೇ ತೆರೆದು ಗಾಡಿಗಳ ನಡುವಿನಲ್ಲಿ ಇಳಿದರು. ನಾನು ಒಂದನ್ನು ಒತ್ತಿದೆ. ಬಹಳ ಹೊತ್ತಿನ ಸಂಗೀತದ ನಂತರ ಒಬ್ಬ ಯುವಕ ಸಿಕ್ಕ. ಅಕ್ಕನ ನಂಬರ್ ಹೇಳಿದೆ. ನಾಳೆಯಿಂದ ಶುರು ಸಾರ್, ಇವತ್ತು ಆಗಲ್ಲ ಎಂದ. ಆಗ ನನ್ನ ಬಾಯಿಂದ ಬಂದ ಮಾತು ಇದು:

"ಹನ್ನೊಂದು ವರ್ಷದ ಕಸ್ಟಮರ್ ರೀ ಇವರು. ಅಷ್ಟೂ ಮರ್ಯಾದೆ ಇಲ್ವಾ?"

ಯಾವುದನ್ನು ಕಸದ ಹಾಗೆ ಎಸೆಯಿರಿ ಎಂದು ಕಲಿಸಿಕೊಟ್ಟಿದ್ದೆನೋ ಅದನ್ನೇ ಹಿಡಿದು ಜಗಳ ಆಡುತ್ತಿದ್ದೆ. ನೀವು ಇಳಿದು ದೂರ ನಿಂತಿದ್ದೀರಾ ಎಂದು ಆ ಯುವಕ ಕೇಳಲಿಲ್ಲ. ಸದಸ್ಯರಲ್ಲದವರನ್ನು ಅವನು ಯಾಕೆ ಕೇಳಬೇಕು. ನಾನಾದರೂ ಅಕ್ಕನನ್ನು ಕೇಳಬಹುದಿತ್ತು.

ಅದಾದ ಮೇಲಿನದ್ದು ನನಗೆ ಕನ್ನಡಿಯಲ್ಲಿ ಮಾತ್ರ ಗೊತ್ತು. ಮೊದಲು ಒಳಗಿನ ಕನ್ನಡಿಯಲ್ಲಿ, ಭಾವ ಹಿಂದಿನ ಕಿಟಕಿಗೆ ಬಗ್ಗಿ ಅಕ್ಕನಿಗೆ ಏನೋ ಹೇಳುತ್ತಾರೆ. ಅಕ್ಕ ತಲೆ ಅಲ್ಲಾಡಿಸುತ್ತಾಳೆ. ಅವರು ಮತ್ತೆ ಹೇಳುತ್ತಾರೆ. ನನ್ನ ಕಿವಿಯಲ್ಲಿ ಫೋನಿದ್ದದ್ದರಿಂದ ಇದಕ್ಕೆ ಶಬ್ದವಿಲ್ಲ. ಆಮೇಲೆ ಎಡಗಡೆಯ ಕನ್ನಡಿಯಲ್ಲಿ, ಕೆಂಪು ತ್ರಿಕೋನ ಹಿಡಿದುಕೊಂಡು ಗೋಡೆಯ ಪಕ್ಕದಲ್ಲಿ ಏರಿನ ಕಡೆಗೆ ಹೋಗುತ್ತಿರುವ ಅವರ ಬೆನ್ನು. ಮಕ್ಕಳಿಗೆ ಕವಾಯತು ಮಾಡಿಸುವವರ ನೆಟ್ಟನೆಯ ನಡಿಗೆ. ಅವರು ಕೆಳಗಿಡಲು ಬಗ್ಗುತ್ತಾರೆ. ಏರಿನ ತುದಿಯಲ್ಲಿ ನೀರಿನ ಟ್ಯಾಂಕರಿನ ತಲೆ ಕಾಣಿಸಿಕೊಳ್ಳುತ್ತದೆ. ಭಾವ ನೆಟ್ಟಗಾಗಿ ಎರಡೂ ಕೈ ಮೇಲೆತ್ತುತ್ತಾರೆ. ಓಡುವುದಿಲ್ಲ. ಓಡಿದ್ದರೆ ಗೋಡೆಯ ಮೇಲೆ ಹತ್ತಿಕೊಳ್ಳಬಹುದಿತ್ತು.

ಬ್ರೇಕಿನ ಶಬ್ದ ಫೋನನ್ನೂ ದಾಟಿ ಬಂತು. ಟ್ಯಾಂಕರ್ ಬಾಲ ತಿರುಗಿಸಿಕೊಂಡು ನಮ್ಮ ಕಡೆಗೆ ಜಾರಿತು. ಮೇಲಿನ ಮುಚ್ಚಳದಿಂದ ಚಿಮ್ಮಿದ ನೀರು ನಮ್ಮ ಹಿಂದಿನ ಗಾಜಿನ ಮೇಲೆ ದಬದಬ ಬಿತ್ತು. ಕಾರಿಗೆ ಒಂದು ಮಾರು ದೂರದಲ್ಲಿ ಅದು ನಿಂತಿತು. ಕನ್ನಡಿಯಲ್ಲಿ ಭಾವ ಇರಲಿಲ್ಲ.

ಡ್ರೈವರನ ಸೀಟಿನ ಮೇಲೆ ತೆವಳಿ ಹೊರಬಂದು ಓಡಿದೆ. ಗೋಡೆಗೂ ಟ್ಯಾಂಕರಿನ ಹಿಂಬದಿಯ ಚಕ್ರಕ್ಕೂ ನಡುವೆ ಒದ್ದೆ ರಸ್ತೆಯಲ್ಲಿ ಅವರು ಕೂತಿದ್ದರು. ಎಡಗಾಲು ಮಂಡಿಯ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ನನ್ನನ್ನು ನೋಡಿ ಅವರು ಹೇಳಿದ್ದು ಒಂದೇ.

"ಅವಳನ್ನ ಇಳ್ಸೋ."

ಆಸ್ಪತ್ರೆಯಲ್ಲಿ ಕಾಲಿಗೆ ರಾಡ್ ಹಾಕಿದರು. ಶಸ್ತ್ರಚಿಕಿತ್ಸೆ ಮುಗಿಯುವವರೆಗೆ ಅಕ್ಕ, ಕಾರಿನಿಂದ ಇಳಿಯುವ ಗಡಿಬಿಡಿಯಲ್ಲಿ ಚೆಲ್ಲಿಕೊಂಡಿದ್ದ ಹಾಲಿನ ವಾಸನೆ ಬರುತ್ತಿದ್ದ ಸೀರೆಯಲ್ಲೇ ಕೂತಿದ್ದಳು. ನಾನು ಕಾಫಿ ತಂದುಕೊಟ್ಟೆ. ಅವಳು ಲೋಟ ತೆಗೆದುಕೊಂಡು, ನನ್ನ ಮುಖ ನೋಡದೆ, ದನಿ ಏರಿಸದೆ ಕೇಳಿದಳು.

"ಎಷ್ಟು ಉಳೀತೋ?"

ಉತ್ತರ ನನಗೆ ಗೊತ್ತಿತ್ತು. ರೂಪಾಯಿ ಲೆಕ್ಕದಲ್ಲಿ ಗೊತ್ತಿತ್ತು.

ಮಾರನೆಯ ದಿನ ಅಕ್ಕನ ಫೋನಿಗೆ ಸಂದೇಶ ಬಂತು. ನಮ್ಮ ಕುಟುಂಬಕ್ಕೆ ಸ್ವಾಗತ, ನಿಮ್ಮ ಸೇವೆ ಇಂದಿನಿಂದ ಶುರು. ಅವಳು ಅದನ್ನು ಭಾವನಿಗೆ ಓದಿ ಹೇಳಿದಳು. ಅವರು ನಕ್ಕು, ಕಾಲು ನೋಯಿತೆಂದು ನಿಲ್ಲಿಸಿದರು.

ಕಂಪನಿಯ ಸೇವೆ ಇದ್ದಿದ್ದರೂ ಅವರ ಗಾಡಿ ಬರಲು ಮುಕ್ಕಾಲು ಗಂಟೆಯಾದರೂ ಬೇಕಿತ್ತು, ತ್ರಿಕೋನ ಇಡಲು ಭಾವ ಹೋಗಿಯೇ ಹೋಗುತ್ತಿದ್ದರು, ನಿನ್ನದೇನು ತಪ್ಪು ಎಂದರು ಆಫೀಸಿನವರು. ಇದನ್ನು ನನಗೆ ನಾನೇ ಅವರಿಗಿಂತ ಚೆನ್ನಾಗಿ ಹೇಳಿಕೊಂಡಿದ್ದೇನೆ. ಸುಳ್ಳೂ ಅಲ್ಲ. ಆದರೆ ಕಣ್ಣು ಮುಚ್ಚಿದರೆ ಆ ಬೆನ್ನು ಗೋಡೆಯ ಪಕ್ಕ ನಡೆಯಲು ಶುರುಮಾಡುತ್ತಿತ್ತು. ಬೈಕಿನ ಕನ್ನಡಿಯನ್ನು ಮಡಚಿಟ್ಟು ಓಡಿಸಿದ್ದೇನೆ, ಅದೆಷ್ಟು ಅಪಾಯ ಎಂದು ಗೊತ್ತಿದ್ದೂ. ಹೊಸ ಮನೆಯಲ್ಲಿ ಹಾಲು ಉಕ್ಕಿಸಲೂ ಇಲ್ಲ, ಒಲೆ ಹಚ್ಚಲೂ ಇಲ್ಲ. ದರ್ಶಿನಿಯಲ್ಲಿ ತಿಂದು ಬಂದು ಬಿಚ್ಚದ ಚೀಲಗಳ ನಡುವೆ ಮಲಗುತ್ತಿದ್ದೆ. ಬೆಳಗಿನ ಜಾವ ಕನಕಪುರ ರಸ್ತೆಯ ಮೊದಲ ಬಸ್ಸು ಬ್ರೇಕ್ ಹಾಕಿದರೆ ಎದ್ದು ಕೂರುತ್ತಿದ್ದೆ.

ಭಾನುವಾರಗಳಂದು ಯಡಿಯೂರಿಗೆ ಹೋಗುತ್ತಿದ್ದೆ. ಅಕ್ಕ ಬಡಿಸುತ್ತಿದ್ದಳು, ಬೇಕಾ ಸಾಕಾ ಎನ್ನುವಷ್ಟೇ ಮಾತು. ಭಾವ ಮಾತ್ರ ಎಂದಿನಂತೆ. ಒಂದು ದಿನ ನಾನು ತಡೆಯಲಾರದೆ, ಎಲ್ಲ ನನ್ನಿಂದಲೇ ಆದದ್ದು ಭಾವ ಎಂದೆ. ಅವರು ಕಾಲನ್ನು ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡರು.

"ಆ ಮಂಗಳವಾರ ಹಳೇದು ಮುಗೀತಲ್ಲ, ಆಮೇಲೆ ಮೂರು ದಿನ ಫೋನ್ ಜೇಬಲ್ಲೇ ಇಟ್ಕೊಂಡಿದ್ದೆ ಕಣೋ, ಕ್ಲಾಸಲ್ಲೂ. ಯಾಕೆ ಬಿಟ್ಟಿರಿ ಸಾರ್ ಅಂತ ಒಬ್ಬರಾದ್ರೂ ಕೇಳ್ತಾರೆ ಅಂದ್ಕೊಂಡಿದ್ದೆ. ಕೇಳಿದ್ರೆ ವಾಪಸ್ ಹೋಗ್ಬಿಡ್ತಿದ್ದೆ, ಅದೇ ರೇಟಿಗೆ."

ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು ಅದು. ಆ ಭಾನುವಾರ ಊಟದ ಮೇಜಿನ ಹತ್ತಿರ ನಾನು ನಕ್ಕಿದ್ದು ಯಾವುದನ್ನು ನೋಡಿ ಎಂದು ಆಗ ಗೊತ್ತಾಯಿತು. ಆ ರಾತ್ರಿಯೂ ನಿದ್ದೆ ಬರಲಿಲ್ಲ.

ಭಾವ ಕೋಲು ಹಿಡಿದು ಕೆರೆಯ ಸುತ್ತ ಅರ್ಧ ಸುತ್ತು ಹಾಕಿದ ವಾರ, ಅಕ್ಕ ಫೋನ್ ಮಾಡಿ, ನಾಳೆ ಬರುತ್ತೇವೆ, ಹಾಲು ತೆಗೆದಿಡು ಎಂದಳು. ಒಲೆ ಹಚ್ಚಿಲ್ಲವೆಂದು ಅವಳಿಗೆ ಹೇಗೆ ಗೊತ್ತಾಯಿತೋ. ಆಟೋದಲ್ಲಿ ಬಂದರು. ಭಾವ ಮೆಟ್ಟಿಲು ಹತ್ತದೆ ಕೆಳಗೇ, ಮನೆಯ ಯಜಮಾನರ ಜೊತೆ ಕುರ್ಚಿ ಹಾಕಿಕೊಂಡು, ಈ ಜಾಗದಲ್ಲೆಲ್ಲ ಮೊದಲು ರಾಗಿ ಬೆಳೆಯುತ್ತಿದ್ದರೇ ಎಂದು ವಿಚಾರಿಸುತ್ತಾ ಕೂತರು. ಅಕ್ಕ ಚೀಲದಿಂದ ಅದೇ ಪಾತ್ರೆ ತೆಗೆದಳು. ಅಂಚು ಒಂದು ಕಡೆ ತಗ್ಗಾಗಿತ್ತು.

ಹಾಲು ಬಿಸಿಯಾಗುವವರೆಗೆ ಇಬ್ಬರೂ ಅದನ್ನೇ ನೋಡುತ್ತಾ ನಿಂತಿದ್ದೆವು.

"ನಿದ್ದೆ ಬರುತ್ತೇನೋ?" ಎಂದಳು.

ಇಲ್ಲ ಎಂದೆ.

"ನಂಗೂ ಇಲ್ಲ." ಸೌಟಿನಿಂದ ಕೆನೆ ಸರಿಸಿದಳು. "ಅವತ್ತು ನಿಮ್ಮ ಭಾವ ಕಿಟಕಿ ಹತ್ರ ಬಂದು, ಇಳಿ, ಮುಂದೆ ಹೋಗಿ ಗೋಡೆ ಪಕ್ಕ ನಿಂತ್ಕೋ ಅಂದ್ರು. ಹಾಲು ಚೆಲ್ಲುತ್ತೆ, ನಾನು ಇಳಿಯಲ್ಲ ಅಂದೆ. ಎರಡು ಸಲ ಹೇಳಿದ್ರು. ಆಮೇಲೆ, ಆಯ್ತು, ನಾನು ಆ ಕಡೆಯಿಂದ ಗಾಡಿಗಳನ್ನ ತಡೀತೀನಿ, ನೀನು ಅಲ್ಲಾಡಬೇಡ ಅಂದು ಹೋದ್ರು. ಅದಕ್ಕೇ ಅವರು ಓಡಲಿಲ್ಲ. ನಿನ್ನ ಕೇಳಿದ್ನಲ್ಲ, ಎಷ್ಟು ಉಳೀತು ಅಂತ. ನಾನು ಉಳಿಸೋಕೆ ಹೋಗಿದ್ದು ಒಂದು ಲೀಟರ್ ಹಾಲು."

ಅಷ್ಟು ದಿನ ಕನ್ನಡಿಯಲ್ಲಿ ಮೂಕವಾಗಿ ಅಲ್ಲಾಡುತ್ತಿದ್ದ ಆ ತುಟಿಗಳಿಗೆ ಮಾತು ಬಂದಿತ್ತು. ಅದರಿಂದ ನನ್ನ ಪಾಲು ಕಡಿಮೆಯಾಗಲಿಲ್ಲ. ಕಾರು ಕೇಳಿದವನು ನಾನು, ಫೋನಿನಲ್ಲಿ ಜಗಳಕ್ಕೆ ಕೂತವನು ನಾನು. ಆದರೆ ಇಷ್ಟು ದಿನವೂ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಅವಳೂ ಎದ್ದೇ ಕೂತಿದ್ದಳು ಎನ್ನುವುದು ನನಗೆ ಹೊಳೆದೇ ಇರಲಿಲ್ಲ.

"ನನ್ನ ಕಿವೀಲಿ ಫೋನಿತ್ತು ಕಣೇ," ಎಂದೆ. "ಕೇಳಿಸಿದ್ರೆ ನಾನಾದ್ರೂ ಇಳಿಸ್ತಿದ್ದೆ."

"ಗೊತ್ತು," ಎಂದಳು.

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಇಬ್ಬರೂ ಕೈ ಹಾಕಲಿಲ್ಲ. ಮಿಕ್ಕದ್ದರಲ್ಲಿ ಕಾಫಿ ಮಾಡಿದೆವು. ಭಾವ ಯಜಮಾನರ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಈ ಮನೆಗೆ ನೀನಿನ್ನೂ ಹೊಸಬ, ಬಾಡಿಗೆ ಕಡಿಮೆ ಇರುತ್ತೆ, ಹಳಬನಾದ ಮೇಲೆ ನೋಡು ಎಂದರು. ಅಕ್ಕ ನಕ್ಕಳು. ಸಂಜೆ ಅವರನ್ನು ಆಟೋ ಹತ್ತಿಸಿ ಬಂದು, ಚೀಲಗಳನ್ನು ಬಿಚ್ಚಿ ಬಟ್ಟೆ ಜೋಡಿಸಿಟ್ಟೆ.

ಬೆಳಿಗ್ಗೆ ಫೋನ್ ಹೊಡೆದುಕೊಂಡಾಗ ಬಿಸಿಲು ಒಳಗೆ ಬಂದಿತ್ತು. ಮೊದಲ ಬಸ್ಸು ಯಾವಾಗ ಹೋಯಿತೋ ತಿಳಿದಿರಲಿಲ್ಲ. ಅಕ್ಕನ ದನಿ ಇನ್ನೂ ನಿದ್ದೆಗಣ್ಣಿನದು. ಈಗ ಎದ್ದೆ ಕಣೋ, ಪಕ್ಕದ ಶಾಲೆಯ ಗಂಟೆ ಹೊಡೆದದ್ದೂ ಕೇಳಿಸಲಿಲ್ಲ, ಅವರೇ ಕಾಫಿ ಮಾಡಿಕೊಂಡಿದ್ದಾರೆ ಎಂದಳು. ನಾನೂ ಈಗಲೇ ಎದ್ದೆ ಎಂದೆ.