ಹುಳವಿಲ್ಲದ ನೀರು

ಮೊನ್ನೆ ಪಕ್ಕದ ಮನೆಯವರು ಬಚ್ಚಲಿಗೆ ಆ್ಯಸಿಡ್ ಸುರಿದು ತಿಕ್ಕುತ್ತಿದ್ದರು. ವಾಸನೆ ನಮ್ಮ ಅಡುಗೆಮನೆಯವರೆಗೆ ಬಂತು. ಊಟಕ್ಕೆ ಕುಳಿತಿದ್ದ ನಮ್ಮ ಮನೆಯವರು ಕಲಸಿದ ಅನ್ನ ಹಾಗೆಯೇ ಬಿಟ್ಟು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತರು. ಯಾಕೆಂದು ನಿಮಗೆ ಹೇಳಬೇಕು.

ಗೋಕಾಕಕ್ಕೆ ಬರುವ ಮೊದಲು ನಾವು ಯಮಕನಮರಡಿ ಕಡೆಯ ಹಳ್ಳಿಯೊಂದರಲ್ಲಿದ್ದೆವು. ಹೊಲದಲ್ಲೇ ಮನೆ, ಮನೆಯ ಹಿಂದೆ ಬಾವಿ. ನಮ್ಮದು ಜೈನರ ಮನೆ. ಅತ್ತೆ ಮುನಿಗಳ ಹತ್ತಿರ ನೇಮ ತೆಗೆದುಕೊಂಡಿದ್ದರು. ನಾವೆಲ್ಲ ಊರ ನಲ್ಲಿಯ ನೀರು ಕುಡಿದರೂ ಅವರಿಗೆ ಬಾವಿಯದೇ ಆಗಬೇಕು. ಅದನ್ನೂ ಎರಡು ಮಡಿಕೆ ಹಾಕಿದ ಹತ್ತಿ ಅರಿವೆಯಲ್ಲಿ ಸೋಸಿ, ಕಾಯಿಸಬೇಕು. ಅರಿವೆಯಲ್ಲಿ ಉಳಿದ ಸಣ್ಣ ಹುಳುಗಳನ್ನು ಕೊಡದಲ್ಲಿ ಹಾಕಿ, ಹಗ್ಗದಿಂದ ಇಳಿಸಿ, ಅದೇ ಬಾವಿಗೆ ಮರಳಿ ಬಿಡಬೇಕು. ಮೇಲಿನಿಂದ ಸುರಿದರೆ ಅವಕ್ಕೆ ಪೆಟ್ಟಾಗುತ್ತದಲ್ಲ. ನನಗೋ ಒಲೆಯ ಮೇಲಿನ ಪಲ್ಯ ಹೊತ್ತೀತೆಂಬ ಅವಸರ. ಬೆನ್ನ ಹಿಂದೆ ಅವರ ದನಿ: "ಸಾವಕಾಶ ಬಿಡವಾ, ನಿನ್ನ ನಡಾ ಏನ್ ಮುರಿಯೂದಿಲ್ಲ."

ತೊಂಬತ್ತರ ದಶಕದ ಕೊನೆಗೆ ನಮ್ಮ ಹೊಲದ ಮೇಲಿನ ದಿಬ್ಬದಲ್ಲಿ ಒಂದು ಶೆಡ್ಡು ಬಂತು. ಉಕ್ಕು ಕರಗಿಸುವ ಭಟ್ಟಿಗಳ ಹೊಗೆಯಲ್ಲಿ ಹಾರುವ ಧೂಳನ್ನು ಲಾರಿಯಲ್ಲಿ ತಂದು, ಆ್ಯಸಿಡ್ ಟಾಕಿಯಲ್ಲಿ ಕಲಸಿ, ಅದರೊಳಗಿನ ಸತುವನ್ನು ಕರಗಿಸಿ ತೆಗೆಯುವ ಕೆಲಸ. ಸೋಸಿ ಉಳಿದ ರಾಡಿ ಹಿಂದಿನ ತಗ್ಗಿಗೆ ಹೋಗುತ್ತಿತ್ತು. ನಮ್ಮ ಮನೆಯವರು ಅಲ್ಲಿ ಟಾಕಿ ನೋಡಿಕೊಳ್ಳಲು ಸೇರಿದಾಗ ಅತ್ತೆಗೆ ಹೆಮ್ಮೆ.

"ನೇಗಿಲಾ ಹೊಡದ್ರ ಎಷ್ಟ ಎರಿಹುಳಾ ಸಾಯ್ತಾವು. ಇದರಾಗ ಒಂದ ಜೀವಾನೂ ಸಾಯೂದಿಲ್ಲ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

"ನನ್ನ ಅಂಗಿ ಅಷ್ಟ ಸಾಯ್ತಾವು ನೋಡವಾ," ಎಂದು ಇವರು ಆ್ಯಸಿಡ್ ಸಿಡಿದು ತೂತುಬಿದ್ದ ಅಂಗಿಯ ತೋಳು ತೋರಿಸುತ್ತಿದ್ದರು.

ಕೆಲವು ವರ್ಷಗಳ ಮೇಲೆ, ಒಂದು ಮಳೆಗಾಲ, ಸೋಸಿದ ಅರಿವೆ ಬರಿದಾಗಿ ಬಂತು. ಮರುದಿನವೂ ಹಾಗೆಯೇ. ನೀರು ಮಾತ್ರ ಗಾಜಿನಂತೆ ತಿಳಿ. "ದೇವರು ನನ್ನ ಕೈಯಾಗಿನ ಪಾಪ ಕಡಿಮಿ ಮಾಡ್ಯಾನ," ಎಂದರು ಅತ್ತೆ. ನಾನೂ ಕೈಮುಗಿದೆ. ಇಂಥ ಸಣ್ಣಪುಟ್ಟ ಕೃಪೆಗಳನ್ನು ಎಣಿಸಿಕೊಳ್ಳುತ್ತಲೇ ಸಂಸಾರ ಮಾಡಿದವಳು ನಾನು.

ಉಗಾದಿ ಕಳೆಯುವಷ್ಟರಲ್ಲಿ ಅತ್ತೆಗೆ ವಾಂತಿ ಶುರುವಾಗಿ, ಕಾಲು ಬಾತವು. ಮೂತ್ರಪಿಂಡಗಳು ಸೋತಿವೆ ಎಂದರು ಗೋಕಾಕದ ಡಾಕ್ಟರು. ಯಾತರಿಂದ ಎಂದು ಹೇಳಲಿಲ್ಲ. ಮನೆಗೆ ಬಂದು ಚಹಾ ಕುಡಿಯುವಾಗ ಅತ್ತೆ ಮಗನಿಗೆ ಸಮಾಧಾನ ಹೇಳಿದರು: "ನೀರಿಂದಂತೂ ಅಲ್ಲಪಾ. ಅರಿವ್ಯಾಗ ಒಂದ ಹುಳಾ ಬರದ ವರ್ಷಾಗಾಕ ಬಂತು."

ನೀರು ಸೋಸುವುದು ಹೆಂಗಸರ ಕೆಲಸ. ಇವರಿಗೆ ಈ ಸಂಗತಿ ತಿಳಿದಿರಲಿಲ್ಲ. ಚಹಾದ ಕಪ್ಪು ಕೆಳಗಿಟ್ಟರು.

"ಒಂದೂ ಇಲ್ಲ?"

"ಒಂದೂ ಇಲ್ಲ."

"ಅವ್ವಾ, ನಮ್ಮ ಟಾಕ್ಯಾಗೂ ಒಂದ ಸೊಳ್ಳಿಮರಿ ಇರೂದಿಲ್ಲ."

ಅತ್ತೆ ಬಾವಿಯ ಕಡೆ ನೋಡಿದರು. ಹಗ್ಗ ಇಳಿಸಿ ಜೋಪಾನವಾಗಿ ಮರಳಿ ಬಿಟ್ಟ ಜೀವಗಳನ್ನೆಲ್ಲ ಯಾವ ನೀರಿಗೆ ಕಳಿಸಿದೆವು ಎಂಬುದು ನನಗೂ ಆಗಲೇ ಹೊಳೆಯಿತು.

ಇವರು ಮರುದಿನದಿಂದ ಕೆಲಸಕ್ಕೆ ಹೋಗಲಿಲ್ಲ. ಹುಕ್ಕೇರಿಯ ನಾದಿನಿಯ ಬಾವಿಯಿಂದ ಬಸ್ಸಿನಲ್ಲಿ ನೀರು ತಂದರು. ಅಷ್ಟರಲ್ಲಿ ತಡವಾಗಿತ್ತು.

ಭಾದ್ರಪದದ ವ್ರತ ಮುಗಿದ ಮೇಲೆ ನಮ್ಮಲ್ಲಿ ಕ್ಷಮೆ ಕೇಳುವ ದಿನ. ಚಿಕ್ಕವರು ದೊಡ್ಡವರನ್ನು, ದೊಡ್ಡವರು ಚಿಕ್ಕವರನ್ನು, ಎಲ್ಲರೂ ಎಲ್ಲರನ್ನೂ ಕೇಳಬೇಕು. ಹಾಸಿಗೆ ಹಿಡಿದಿದ್ದ ಅತ್ತೆ ನನ್ನನ್ನು ಕೇಳಿದರು, ಮನೆಯ ಎಮ್ಮೆಯನ್ನೂ ಕೇಳಿದರು. ಇವರು ಹಾಸಿಗೆಯ ಬದಿಗೆ ಕುಳಿತು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮಗನ ಬಾಯಿಯ ಮೇಲೆ ಕೈ ಇಟ್ಟುಬಿಟ್ಟರು.

"ಬ್ಯಾಡೋ. ನೀ ಏನೂ ಕೇಳಬ್ಯಾಡ."

ದೀಪಾವಳಿಗೆ ಅತ್ತೆ ಇರಲಿಲ್ಲ. ತಾಯಿ ಮಗನಿಂದ ಆ ಮಾತು ಆಡಿಸದೆ ಹೋದರಲ್ಲ, ಅದೇ ದೊಡ್ಡ ಕೃಪೆ ಎಂದು ಇಷ್ಟು ವರ್ಷ ಎಣಿಸಿಕೊಂಡು ಬಂದೆ.

ಮೊನ್ನೆ ಬೇರೆ ತಾಟಿನಲ್ಲಿ ಅನ್ನ ಹಾಕಿಕೊಂಡು ಕಟ್ಟೆಗೆ ಹೋದೆ. ಇವರು ತಿರುಗಿ ನೋಡಲಿಲ್ಲ.

"ಅವ್ವ ಅವತ್ತ ನನಗ ಕೇಳಾಕ ಬಿಡಬೇಕಾಗಿತ್ತು," ಎಂದರು.

ತಾಟು ಅವರ ಬಾಜೂಕ್ಕೆ ಇಟ್ಟು ಕುಳಿತೆ. ನಾನು ಎಣಿಸಿಕೊಂಡ ಕೃಪೆಗಳಲ್ಲಿ ಒಂದು ಕಡಿಮೆಯಾಯಿತು.