ಬೋರಿ ಹೊಳೆಯ ಬಸುರಿ ಮೀನು

೧೯೭೩ರಲ್ಲಿ ನಾನು ಸೊಲ್ಲಾಪುರದ ಒಂದು ಕೀಟನಾಶಕ ಅಂಗಡಿಯಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದೆ. ಹಳ್ಳಿಗಳಿಗೆ ಹೋಗಿ ಪಂಪಿನಿಂದ ಔಷಧ ಹೊಡೆದು ತೋರಿಸುವುದು ನನ್ನ ಕೆಲಸ. ಓದಿದ್ದು ಮ್ಯಾಟ್ರಿಕ್. ಹಿತ್ತಾಳೆ ಪಂಪು ಹೊತ್ತು ಎಸ್.ಟಿ. ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಇಳಿದು, ಅಲ್ಲಿಂದ ನಡೆದೋ ಚಕ್ಕಡಿ ಹತ್ತಿಯೋ ಊರು ಸೇರುತ್ತಿದ್ದೆ. ರೈತರು ‘ಔಷಧ ಸಾಹೇಬ್ರು’ ಎನ್ನುತ್ತಿದ್ದರು. ಇಪ್ಪತ್ಮೂರರ ವಯಸ್ಸಿಗೆ ಆ ಮಾತು ಬಹಳ ಹಿತವಾಗಿತ್ತು.

ಬೋರಿ ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿ ಭೀಮಣ್ಣನ ಪರಿಚಯವಾಯಿತು. ನನಗಿಂತ ಬಹಳ ಹಿರಿಯ. ಹೊಳೆಯ ಮಡುವಿನಲ್ಲಿ ಬಲೆ ಹಾಕಿ ಬದುಕುವವನು. ಬೇಸಿಗೆಯಲ್ಲಿ ಹೊಳೆ ಒಣಗಿದರೂ ಆ ಮಡುವಿನಲ್ಲಿ ನೀರಿರುತ್ತಿತ್ತು. ಇಡೀ ಹೊಳೆಯ ಮೀನಿನ ಸಂತತಿ ಉಳಿಯುತ್ತಿದ್ದುದು ಅಲ್ಲಿಯೇ. ಮಳೆಯ ಹೊಸ ನೀರು ಬಂದಾಗ ಗೆಂಡೆ ಮೀನುಗಳು ಮೊಟ್ಟೆ ಇಡಲು ಹರಿವಿಗೆ ಎದುರಾಗಿ ಮೇಲೇರುತ್ತಿದ್ದವು. ಕಲ್ಲಿನ ಮೇಲೆ ನೆಗೆಯುವ ಆ ಬೆಳ್ಳಿ ಮೈಗಳನ್ನು ನೋಡಲು ಊರೇ ದಂಡೆಗೆ ಬರುತ್ತಿತ್ತು. ಆ ದಿನಗಳಲ್ಲಿ ಯಾರೂ ಬಲೆ ಹಾಕುವಂತಿರಲಿಲ್ಲ.

“ಬಸುರಿ ಹೆಣ್ಣಮಕ್ಕಳು ತವರಿಗಿ ಹೊಂಟಾರ್ರೀ ಸಾಹೇಬ್ರ. ಹಿಂದಕ್ಕ ಸರೀರಿ, ನಿಮ್ಮ ನೆರಳಿಗಿ ಅಂಜತಾವ,” ಎಂದು ಭೀಮಣ್ಣ ನನ್ನನ್ನು ಗದರಿಸಿದ್ದ. ಆಮೇಲೆ ನಕ್ಕು ತನ್ನ ಬುತ್ತಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಿದ್ದ. ಅಂಥ ರುಚಿ ಮತ್ತೆ ಸಿಗಲಿಲ್ಲ.

ಮರುವರ್ಷ ಮಳೆ ಬಿದ್ದ ಮೇಲೆ ಶೇಂಗಾಕ್ಕೆ ಕಂಬಳಿಹುಳು ಹತ್ತಿತು. ನಾನು ಎಂಡ್ರಿನ್ ಒಯ್ದೆ. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಉಗ್ರ ವಿಷ. ಎರಡು ದಿನ ಹೊಡೆದೆವು. ಪಂಪು, ಡ್ರಮ್ಮು ತೊಳೆಯಬೇಕಿತ್ತು.

“ಬಾವಿ ಹತ್ರ ಬ್ಯಾಡ್ರಿ, ಮೈಲಿಗಿ ಆಗ್ತದ,” ಎಂದರು ಹೊಲದ ಗೌಡರು.

“ಹೊಳಿಗಿ ನಡೀರಿ. ಹರಿಯೋ ನೀರಿಗಿ ಎಲ್ಲಿ ಮೈಲಿಗಿರಿ?” ಎಂದೆ.

ಹರಿಯುವ ನೀರಿಗೆ ಮೈಲಿಗೆ ತಟ್ಟುವುದಿಲ್ಲ ಎಂಬುದು ನಮ್ಮ ಹಿರಿಯರ ನಂಬಿಕೆ. ವಿಷಕ್ಕೂ ಅದನ್ನೇ ಅನ್ವಯಿಸಿದೆ. ಮಡುವಿನ ಮೇಲುಗಡೆಯೇ ಎಲ್ಲ ತೊಳೆದು, ಉಳಿದ ಔಷಧವನ್ನೂ ಅಲ್ಲಿಯೇ ಸುರಿದೆ.

ಮರುದಿನ ಬೆಳಿಗ್ಗೆ ಮಡುವಿನ ತುಂಬ ಗೆಂಡೆಗಳು ಸತ್ತು ತೇಲುತ್ತಿದ್ದವು. ಹೊಟ್ಟೆಯಲ್ಲಿ ಮೊಟ್ಟೆ ಇನ್ನೂ ಹಾಗೇ ಇತ್ತು. ನಾನು ಓಡಿ ಹೋಗಿ ಡಬ್ಬಿ ತೆಗೆದು ಅದರ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಿದೆ: ಮೀನಿಗೆ ಅಪಾಯ, ಕೆರೆ ಹೊಳೆಗೆ ಸೇರಿಸಬೇಡಿ. ಔಷಧ ಹೊಡೆದವರಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ.

ಹುಳುವಿನ ಔಷಧ ಮೀನನ್ನೂ ಕೊಲ್ಲುತ್ತದೆಂದು ಬೇರೆ ಯಾರಿಗೂ ಹೊಳೆಯಲಿಲ್ಲ. ಊರವರ ಸಂಶಯ ಭೀಮಣ್ಣನ ಮೇಲೆ ಬಿತ್ತು. ಕಾರೆಕಾಯಿ ಜಜ್ಜಿ ಹಾಕಿ ಮೀನಿಗೆ ಮತ್ತು ಬರಿಸುವುದು ಅವನಿಗೆ ಗೊತ್ತಿತ್ತು. ಕಟ್ಟೆಯ ಮೇಲೆ ಪಂಚರು ಸೇರಿದರು.

“ಬಾಣಂತಿ ಮನಿಗಿ ಕೊಳ್ಳಿ ಇಡಾಂವ ನಾನೇನ್ರೀ ಕಾಕಾ?” ಎಂದ ಭೀಮಣ್ಣ.

“ಮತ್ತ ಯಾರ್ ಮಾಡ್ಯಾರೋ? ಔಷಧ ಸಾಹೇಬ್ರು ಮಾಡ್ಯಾರೇನು?” ಎಂದರು ಹಿರಿಯ ಪಂಚರು.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಬಾಯಿ ಬಿಟ್ಟರೆ ನೌಕರಿಯೂ ಸಾಹೇಬಗಿರಿಯೂ ಹೋಗುತ್ತವೆಂಬ ಹೆದರಿಕೆ. ಸತ್ತ ಮೀನು ಯಾರೂ ತಿನ್ನಬೇಡಿ, ಹೂತುಬಿಡಿ ಎಂದಷ್ಟೇ ಹೇಳಿದೆ. ಅದಕ್ಕೂ ಜನ ನನ್ನನ್ನು ಶಾಣ್ಯಾ, ಬಲು ತಿಳಿದವ ಎಂದರು. ಇನ್ನು ಮುಂದೆ ಭೀಮಣ್ಣ ಮಡುವಿಗೆ ಇಳಿಯಕೂಡದು ಎಂದು ತೀರ್ಮಾನವಾಯಿತು. ವಾರದೊಳಗೆ ಅವನು ಊರು ಬಿಟ್ಟ.

ಮೂರು ವರ್ಷದ ಮೇಲೆ ಹೋಟಗಿ ಸ್ಟೇಶನ್ನಿನಲ್ಲಿ ಅವನು ಚೀಲ ಹೊರುತ್ತಿರುವುದನ್ನು ಕಂಡೆ. ಎದುರು ನಿಂತು ಎಲ್ಲ ಹೇಳಿದೆ. ಅವನು ಚೀಲ ಇಳಿಸಲೂ ಇಲ್ಲ.

“ಅವತ್ತ ಕಟ್ಟಿ ಮ್ಯಾಲ ಹೇಳಬೇಕಾಗಿತ್ರೀ ಸಾಹೇಬ್ರ. ಇಲ್ಲಿ ಹೋಟಗ್ಯಾಗ ನನಗ ಯಾರೂ ಮೀನ ಕೊಂದಾಂವ ಅನ್ನಂಗಿಲ್ಲ.”

ಮರುದಿನವೇ ಹಳ್ಳಿಗೆ ಹೋಗಿ ಅದೇ ಕಟ್ಟೆಯ ಮೇಲೆ ತಪ್ಪು ಒಪ್ಪಿಕೊಂಡೆ. ಹಿರಿಯ ಪಂಚರು ತೀರಿಹೋಗಿದ್ದರು. ಉಳಿದವರು, “ಹೋಗ್ಲಿ ಬಿಡ್ರಿ, ಈಗ ಹೊಳ್ಯಾಗ ಮೀನರೆ ಎಲ್ಲಿ ಅದಾವ?” ಎಂದರು. ಭೀಮಣ್ಣನಿಗೆ ಹೇಳಿ ಕಳಿಸಿದರು. ಅವನು ಬರಲಿಲ್ಲ.

ಮುಂದೆ ನಿವೃತ್ತಿಯವರೆಗೂ ಅದೇ ವೃತ್ತಿಯಲ್ಲಿದ್ದೆ. ಯಾವ ಊರಿಗೆ ಹೋದರೂ ಡಬ್ಬಿ ಒಡೆಯುವ ಮೊದಲು ಅದರ ಮೇಲಿನದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಆದರೆ ಕೆಲಸ ನನಗೆ ಕಲಿಸಿದ ದೊಡ್ಡ ಪಾಠ ಬೇರೆ: ನಮ್ಮ ತಪ್ಪು ಇನ್ನೊಬ್ಬರ ತಲೆಗೆ ಬೀಳುವ ಹೊತ್ತಿನಲ್ಲೇ ಬಾಯಿ ತೆರೆಯಬೇಕು. ನಾನು ತಡಮಾಡಿ ಹೇಳಿದೆ. ಅದರಿಂದ ಹಗುರಾದವನು ನಾನೊಬ್ಬನೇ.